ಸೇವೆ ರಕ್ತದಲ್ಲೇ ಇದೆಯಂತೆ!

ಪಕ್ಕದ ಮನೆಯ ಅಕ್ಕನ ನಿವೃತ್ತಿ ಸಮಾರಂಭದಿಂದ ಈಗಷ್ಟೇ ಬಂದೆ. ಮೈಯೆಲ್ಲ ಉರಿಯುತ್ತಿದೆ.

ಯಾವ ಅಕ್ಕ ಎಂದು ಹಳೆಯ ಸ್ನೇಹಿತರಿಗೆ ಹೇಳಬೇಕಾಗಿಲ್ಲ. ನಾವು ಕ್ಯಾಲಿಫೋರ್ನಿಯಾದ ಡೇಲಿ ಸಿಟಿಗೆ ಬಂದ ಹೊಸದರಲ್ಲಿ, ನನ್ನ ಬಾಣಂತನಕ್ಕೆ ಅಮ್ಮನಿಗೆ ವೀಸಾ ಸಿಗದೆ ಹೋದಾಗ, ರಾತ್ರಿ ಪಾಳಿ ಮುಗಿಸಿ ಬಂದು ನನ್ನ ಮಗುವಿಗೆ ನೀರೆರೆದ ಫಿಲಿಪ್ಪೀನ್ಸಿನ ನರ್ಸ್. ಒಂದೇ ಆಸ್ಪತ್ರೆಯಲ್ಲಿ ಮೂರು ದಶಕ ದುಡಿದರು. ಅಲ್ಲಿನ ದೊಡ್ಡ ಅಧಿಕಾರಿಯೊಬ್ಬರು ಮೈಕು ಹಿಡಿದು ಅಪ್ಪಣೆ ಕೊಡಿಸಿದ್ದೇನು ಗೊತ್ತೇ? "ಸೇವೆ ಎಂಬುದು ಈ ಜನರ ರಕ್ತದಲ್ಲೇ ಇದೆ. ಇವರೆಲ್ಲ ದೇವತೆಗಳು." ಚಪ್ಪಾಳೆಯೋ ಚಪ್ಪಾಳೆ. ಕೇಕಿನ ಮೇಲೂ ರೆಕ್ಕೆ ಬಿಡಿಸಿದ್ದರು, ಪುಣ್ಯಾತ್ಮರು.

ರಕ್ತವಂತೆ! 1898ರಲ್ಲಿ ಸ್ಪೇನಿಗೆ ಎರಡು ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ದ್ವೀಪಗಳನ್ನು ಬರೆಸಿಕೊಂಡದ್ದು ಅಮೆರಿಕ. ಅಲ್ಲಿ ತನ್ನದೇ ಪಾಠಪಟ್ಟಿಯ ನರ್ಸಿಂಗ್ ಶಾಲೆಗಳನ್ನು ತೆರೆದು ಇಂಗ್ಲಿಷಿನಲ್ಲಿ ಕಲಿಸಿದ್ದೂ ಅಮೆರಿಕವೇ. 1948ರ ನಂತರ, ತರಬೇತಿಗೆಂದು ಬಂದು ಹೋಗುವ ವಿನಿಮಯ ಕಾರ್ಯಕ್ರಮದ ಹೆಸರಿನಲ್ಲಿ ಅವರನ್ನು ಇಲ್ಲಿಗೆ ಕರೆಸಿಕೊಂಡ ಎಷ್ಟೋ ಆಸ್ಪತ್ರೆಗಳು ಪುಡಿಗಾಸಿನ ಭತ್ಯೆ ಕೊಟ್ಟು ಪೂರ್ತಿ ನರ್ಸಿನ ಕೆಲಸ ತೆಗೆದುಕೊಂಡವು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಸಡಿಲವಾಯಿತು. 1974ರಲ್ಲಿ ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಸರ್ಕಾರ ಜನರನ್ನು ಹೊರದೇಶಕ್ಕೆ ದುಡಿಯಲು ಕಳಿಸುವುದನ್ನೇ ಕಾರ್ಮಿಕ ನೀತಿಯಾಗಿ ಮಾಡಿಕೊಂಡಿತು. ಎರಡು ಸರ್ಕಾರಗಳು ಕುಳಿತು ಕಟ್ಟಿದ ಏರ್ಪಾಟಿಗೆ ರಕ್ತ ಎಂದು ಹೆಸರಿಟ್ಟರೆ ಹಿಮೋಗ್ಲೋಬಿನ್ನಿಗೂ ನಾಚಿಕೆಯಾದೀತು.

ಇನ್ನೊಂದು ಕೇಳುತ್ತೇನೆ. 1975ರಲ್ಲಿ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ, ನಿವೃತ್ತ ಯೋಧರ ಆಸ್ಪತ್ರೆಯಲ್ಲಿ ರೋಗಿಗಳ ಉಸಿರು ಇದ್ದಕ್ಕಿದ್ದಂತೆ ನಿಲ್ಲತೊಡಗಿದಾಗ ಆರೋಪ ಹೊರಿಸಿದ್ದು ಯಾರ ಮೇಲೆ? ಫಿಲಿಪಿನಾ ನಾರ್ಸಿಸೋ, ಲಿಯೋನೋರಾ ಪೆರೆಜ್ ಎಂಬ ಇಬ್ಬರು ಫಿಲಿಪ್ಪೀನ್ಸ್ ನರ್ಸುಗಳ ಮೇಲೆ. ವಿಚಾರಣೆಯ ಹೊತ್ತಿಗೆ ಪೆರೆಜ್ ಗರ್ಭಿಣಿ. 1977ರಲ್ಲಿ ಅಪರಾಧಿಗಳೆಂದು ತೀರ್ಪಾಯಿತು. ಆಮೇಲೆ ಆ ತೀರ್ಪು ರದ್ದಾಗಿ, 1978ರಲ್ಲಿ ಸರ್ಕಾರ ಮೊಕದ್ದಮೆಯನ್ನೇ ಕೈಬಿಟ್ಟಿತು. ಆಗ ಈ ದೇವತೆಗಳ ರೆಕ್ಕೆ ಯಾರಿಗೂ ಕಾಣಿಸಿರಲಿಲ್ಲವೇ?

ಅಕ್ಕ 1992ರಲ್ಲಿ ಇಲ್ಲಿಗೆ ಬಂದಾಗ ಮಗಳಿಗೆ ಎರಡು ವರ್ಷ. ಫಿಲಿಪ್ಪೀನ್ಸಿನ ಇಲೊಯಿಲೊದಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದರು. ಫಿಲಿಪ್ಪೀನ್ಸಿನವರು ಊರಿಗೆ ಕಳಿಸುವ ಬಾಲಿಕ್‌ಬಾಯನ್ ಪೆಟ್ಟಿಗೆಯನ್ನು ನೀವು ನೋಡಿರಬಹುದು: ಸೋಪು, ಟವೆಲು, ಚಾಕೊಲೇಟು, ಡಬ್ಬಿ ಮಾಂಸ ಎಲ್ಲ ತುರುಕಿ, ಮುಚ್ಚಳ ಮುಚ್ಚದಿದ್ದರೆ ಮೇಲೆ ಕುಳಿತು ಟೇಪು ಸುತ್ತುತ್ತಾರೆ. ಮಗುವಿನ ಚಪ್ಪಲಿ ಅಳತೆ ಗೊತ್ತಾಗುವುದು ಹೇಗೆ? ಅಜ್ಜಿ ಹಾಳೆಯ ಮೇಲೆ ಮೊಮ್ಮಗಳ ಪಾದ ಇಡಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚೆಗೆ ಹಾಕುತ್ತಿದ್ದರಂತೆ. ಪೆಟ್ಟಿಗೆ ಹಡಗಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಕಾಲು ಬೆಳೆದಿರುತ್ತದೆಂದು ಇವರು ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಿದ್ದರು. ಆ ಹಾಳೆಗಳನ್ನು ನನಗೆ ತೋರಿಸಿದ್ದಾರೆ. ಒಂದರಲ್ಲಿ ಕಿರುಬೆರಳಿನ ಹತ್ತಿರ ಗೆರೆ ಸೊಟ್ಟಗಾಗಿದೆ, ಮಗು ಕಚಗುಳಿಗೆ ಕಾಲು ಎಳೆದುಕೊಂಡಿರಬೇಕು. ಮಗಳು ಇಲ್ಲಿಗೆ ಬಂದದ್ದು ಐದು ವರ್ಷಗಳ ನಂತರ. ಅಧಿಕಾರಿಯ ಭಾಷಣದಲ್ಲಿ "ತಾಯಿ ಹೃದಯ" ಎಂಬ ಮಾತೂ ಬಂತು. ಆ ತಾಯಿಗೆ ತನ್ನ ಮಗುವಿನ ಪಾದ ಕಾಗದದ ಮೇಲಷ್ಟೇ ಸಿಗುತ್ತಿತ್ತು ಎಂಬುದು ಮಾತ್ರ ಬರಲಿಲ್ಲ.

"ಹೊಗಳಿದರೆ ತಪ್ಪೇನು? ಅವರೇ ನಗುತ್ತಿದ್ದರಲ್ಲ" ಎಂದರು ನಮ್ಮ ಮನೆಯವರು, ಕಾರಿನಲ್ಲಿ. ಹನ್ನೆರಡು ಗಂಟೆಯ ಪಾಳಿಯಲ್ಲಿ ಬೈಯುವ ರೋಗಿಯ ಮುಂದೆಯೂ ನಕ್ಕು ಅಭ್ಯಾಸವಾದವರ ನಗುವನ್ನು ಒಪ್ಪಿಗೆ ಎಂದು ತಿಳಿಯುವುದು ಗಂಡಸರಿಗೇ ಸಾಧ್ಯ. ಇಷ್ಟಪಟ್ಟೇ ಬಂದರು, ಸ್ವಂತ ಮನೆ ಮಾಡಿಕೊಂಡರು, ಮಗಳನ್ನು ಓದಿಸಿದರು ಎನ್ನುತ್ತೀರಾ? ಹೌದು, ಅದು ಅವರ ದುಡಿಮೆ, ಅವರ ಲೆಕ್ಕಾಚಾರ. ರಕ್ತ ಎಂದರೆ ಅದೂ ಅವರ ಖಾತೆಗೆ ಜಮೆಯಾಗುವುದಿಲ್ಲ.

2020ರ ಸೆಪ್ಟೆಂಬರಿನಲ್ಲಿ ಇಲ್ಲಿನ ರಾಷ್ಟ್ರೀಯ ನರ್ಸುಗಳ ಸಂಘ ಒಂದು ಲೆಕ್ಕ ಕೊಟ್ಟಿತು: ಅಲ್ಲಿಯವರೆಗೆ ಕೋವಿಡ್‌ನಿಂದ ಸತ್ತ 213 ನೋಂದಾಯಿತ ನರ್ಸುಗಳಲ್ಲಿ 67 ಮಂದಿ ಫಿಲಿಪ್ಪೀನ್ಸ್ ಮೂಲದವರು. ದೇಶದ ಒಟ್ಟು ನರ್ಸುಗಳಲ್ಲಿ ಅವರ ಪಾಲು ಶೇಕಡಾ 4ರಷ್ಟು. ತೀವ್ರ ನಿಗಾ ಘಟಕ, ವಾರ್ಡುಗಳಲ್ಲಿ ರೋಗಿಯ ಹಾಸಿಗೆಯ ಪಕ್ಕದ ಕೆಲಸವೇ ಅವರಿಗೆ ಹೆಚ್ಚಾಗಿ ಬರುವುದು. ದೇವತೆಗಳಿಗೆ ಮಾಸ್ಕ್ ಬೇಕಾಗುವುದಿಲ್ಲ ಎಂದುಕೊಂಡಿದ್ದರೋ ಏನೋ.

ನನಗೇಕೆ ಇಷ್ಟು ಸಿಟ್ಟು ಎಂದರೆ, ಅದು ಪೂರ್ತಿ ಅಕ್ಕನಿಗಾಗಿ ಬಂದದ್ದಲ್ಲ. ನಮ್ಮ ಚಿಕ್ಕಮ್ಮ ಮಲೆನಾಡಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದರು. ಊರಿನವರೆಲ್ಲ ಇಂಜೆಕ್ಷನ್ನಿಗೆ ಅವರ ಬಾಗಿಲಿಗೇ ಬರುತ್ತಿದ್ದರು, "ನೀವೇ ದೇವರು" ಎನ್ನುತ್ತಿದ್ದರು. ಸಂಬಂಧ ಕೇಳಲು ಹೋದರೆ "ನೈಟ್ ಡ್ಯೂಟಿ ಹುಡುಗಿ ಬೇಡ" ಎನ್ನುತ್ತಿದ್ದವರೂ ಅವರೇ. ಚಿಕ್ಕಮ್ಮ ನಿವೃತ್ತರಾದಾಗ ಕೇಕೂ ಇರಲಿಲ್ಲ. ಹೊಟ್ಟೆಕಿಚ್ಚು ಎನ್ನಿ, ಬೇಕಾದರೆ.

ಅಕ್ಕ ಕೊನೆಯಲ್ಲಿ ಮಾತಾಡಿದರು. ಧನ್ಯವಾದ ಎರಡೇ ಸಾಲು. ಉಳಿದದ್ದೆಲ್ಲ ಕ್ಯಾಲಿಫೋರ್ನಿಯಾದ ಕಾನೂನಿನ ಬಗ್ಗೆ: ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. 1999ರಲ್ಲಿ ಅದು ಪಾಸಾಗುವ ಮುಂಚೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಗೆ ಬಸ್ಸಿನಲ್ಲಿ ಹೋಗಿ ಘೋಷಣೆ ಕೂಗಿದ್ದನ್ನು ನೆನೆದರು. "ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಯಾವಾಗ ತೆಗೆದುಕೊಳ್ಳುತ್ತೀರಿ?" ಎಂದು ಮೈಕಿನಲ್ಲೇ ಕೇಳಿದರು. ಅಧಿಕಾರಿಗೆ ಆಗಲೇ ಕೇಕು ತಿನ್ನುವ ಅವಸರ ಬಂತು.

ಭಾನುವಾರ ಅವರ ಮನೆಯಲ್ಲಿ ಪೆಟ್ಟಿಗೆ ಕಟ್ಟುವುದಿದೆ, ನಾನೂ ಹೋಗುತ್ತೇನೆ. ಈ ಬರಹದ ಕೆಳಗೆ ಯಾರಾದರೂ "ದೇವತೆ" ಎಂದು ಹೂವಿನ ಚಿತ್ರ ಹಾಕುವವರಿದ್ದರೆ ನೆನಪಿರಲಿ, ಟೇಪು ನನ್ನ ಕೈಯಲ್ಲೇ ಇರುತ್ತದೆ.