ಬೀಳು ಬಿಟ್ಟ ಹೊಲಕ್ಕೂ ಮೂರು ವರ್ಷದ ಕೆಲಸವಿದೆ

ಊರಿನ ಜಮೀನು ಮಾರಲು ಮನಸ್ಸಿಲ್ಲ, ಉಳಲು ಆಳಿಲ್ಲ. ಹಾಗಾಗಿ "ಕಾಡಾಗಲಿ ಬಿಡಿ" ಎನ್ನುವ ಹೊರನಾಡ ಕನ್ನಡಿಗರಿದ್ದಾರೆ. ಆಸೆ ಒಳ್ಳೆಯದೇ. ಆದರೆ ನಾನಿರುವ ಇಂಗ್ಲೆಂಡಿನ ದಾರಿ ನಮ್ಮ ನೆಲಕ್ಕೆ ಹಾಗೇ ಒಗ್ಗುವುದಿಲ್ಲ.

ಕೇಂಬ್ರಿಡ್ಜ್‌ಶೈರ್‌ನ ಮಾಂಕ್ಸ್ ವುಡ್ ಕಾಡಿನ ಪಕ್ಕದ ಬಾರ್ಲಿ ಹೊಲವೊಂದನ್ನು 1961ರ ಕೊಯ್ಲಿನ ನಂತರ ಸುಮ್ಮನೆ ಬಿಟ್ಟರು. ಒಂದು ಸಸಿಯನ್ನೂ ನೆಡಲಿಲ್ಲ. ಈಗ ಅದು ಕಾಡು. ಮಗ್ಗುಲಲ್ಲೇ ಇದ್ದ ಹಳೆಯ ಕಾಡಿನಿಂದ ಜೇ ಹಕ್ಕಿಗಳು ಓಕ್ ಬೀಜ ತಂದು ಮಣ್ಣಲ್ಲಿ ಹುಗಿದವು. ಮೊದಲೇ ಎದ್ದಿದ್ದ ಮುಳ್ಳುಪೊದೆಗಳು ಸಸಿಗಳನ್ನು ಮೊಲ, ಜಿಂಕೆಗಳ ಬಾಯಿಂದ ಕಾದವು. ನಮ್ಮ ಬೀಳು ಹೊಲಗಳಿಗೆ ಮೊದಲು ನುಗ್ಗುವುದು ಲಂಟಾನ, ಬಳ್ಳಾರಿ ಜಾಲಿ. ಅವಕ್ಕೂ ಮುಳ್ಳಿದೆ, ಆದರೆ ದಟ್ಟ ಲಂಟಾನದಡಿ ನಮ್ಮ ಮರಗಳ ಸಸಿ ಏಳುವುದೇ ಕಷ್ಟ.

ಲಂಟಾನವನ್ನು ಬುಡಕ್ಕೆ ಕಡಿದರೂ ಸುಟ್ಟರೂ ಮತ್ತೆ ಚಿಗುರುತ್ತದೆ. ಕಾಯಿ ಹಣ್ಣಾಗುವ ಮುನ್ನ, ಮಣ್ಣಿನಿಂದ ಮೂರು ನಾಲ್ಕು ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ಬುಡಮೇಲಾಗಿ ಒಣಗಲು ಬಿಡಬೇಕು. ಬಳ್ಳಾರಿ ಜಾಲಿಯ ಚಿಗುರುವ ಮೊಗ್ಗುಗಳು ನೆಲದೊಳಗಿನ ಬುಡದಲ್ಲಿರುವುದರಿಂದ ಸುಮಾರು ಒಂದಡಿ ಅಗೆದೇ ಕೀಳಬೇಕು. ಪಿಕಳಾರಗಳು ಲಂಟಾನದ ಬೀಜವನ್ನು, ದನ-ಕುರಿಗಳು ಜಾಲಿಯ ಬೀಜವನ್ನು ಮತ್ತೆ ಮತ್ತೆ ತರುತ್ತವೆ. ಆದ್ದರಿಂದ ಪ್ರತಿ ಮಳೆಗಾಲದ ಕೊನೆಗೆ, ನೆಲ ಮೆತ್ತಗಿರುವಾಗಲೇ, ಎದ್ದ ಮರಿಗಿಡಗಳನ್ನು ಕೀಳಬೇಕು. ಕನಿಷ್ಠ ಮೂರು ವರ್ಷ ಈ ಕೆಲಸ ತಪ್ಪಿಸುವಂತಿಲ್ಲ. ಕಾರೆ, ಎಲಚಿಗಳನ್ನು ಮಾತ್ರ ಮುಟ್ಟಬೇಡಿ. ಸಸಿಗೆ ಕಾವಲಾಗುವ ನಮ್ಮ ಮುಳ್ಳುಗಳು ಅವೇ. ಜೆಸಿಬಿ ತರಿಸಿ ಹೊಲ ಸಪಾಟು ಮಾಡಿಸಿದರೆ ಲಂಟಾನದ ಜೊತೆಗೆ ಅವೂ ಹೋಗುತ್ತವೆ, ಕದಡಿದ ಮಣ್ಣಿನಲ್ಲಿ ಪಾರ್ಥೇನಿಯಂ ಏಳುತ್ತದೆ.

ಮೇಯಿಸುವುದರಲ್ಲಿ ಯುರೋಪಿನಿಂದ ಕಲಿಯುವುದಿದೆ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಬೇಸಾಯ ಬಿಟ್ಟು ಪ್ರಕೃತಿಗೆ ಒಪ್ಪಿಸಿದ ನೆಪ್ ಎಸ್ಟೇಟಿನ 3,500 ಎಕರೆಯಲ್ಲಿ ಲಾಂಗ್‌ಹಾರ್ನ್ ದನ, ಎಕ್ಸ್‌ಮೂರ್ ಕುದುರೆ, ಟ್ಯಾಮ್‌ವರ್ತ್ ಹಂದಿಗಳು ತಿರುಗಾಡುತ್ತವೆ. ಬೇಟೆಯಾಡುವ ಮೃಗಗಳಿಲ್ಲದ ಕಾರಣ ಅವುಗಳ ಸಂಖ್ಯೆಯನ್ನು ಮನುಷ್ಯರೇ ಮಿತಿಯಲ್ಲಿಡುತ್ತಾರೆ. ನೆದರ್ಲೆಂಡ್ಸ್‌ನ ಓಸ್ಟ್‌ಫಾರ್ಡರ್ಸ್‌ಪ್ಲಾಸೆನ್ ಎಂಬ ಸಂರಕ್ಷಿತ ಪ್ರದೇಶದಲ್ಲಿ ಬೇಲಿಯೊಳಗೆ ಮೇವಿಗಿಂತ ಬಾಯಿಗಳು ಹೆಚ್ಚಾಗಿ, 2017–18ರ ಚಳಿಗಾಲದಲ್ಲಿ 3,000ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. ಬಹಳಷ್ಟನ್ನು ಹಸಿವಿನಿಂದ ನರಳದಿರಲೆಂದು ಗುಂಡಿಕ್ಕಿ ಕೊಲ್ಲಬೇಕಾಯಿತು. ಹಾಗೆಂದು ದನಗಳನ್ನು ಸದಾ ಹೊರಗಿಡುವುದೂ ಸರಿಯಲ್ಲ. ಮೇಯದೆ ಉಳಿದ ಹುಲ್ಲು ಬೇಸಿಗೆಯ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೊದಲ ಎರಡು ಮಳೆಗಾಲ ಮೇಯಿಸುವುದನ್ನು ಬಂದ್ ಮಾಡಿ, ಆಮೇಲೆ ಹುಲ್ಲಿನ ಬೀಜ ಉದುರಿದ ನಂತರ ನಾಲ್ಕಾರು ದನ ಬಿಡಿ. ಜಂತುಹುಳು ನಿವಾರಣೆಗೆ ಐವರ್ಮೆಕ್ಟಿನ್ ಕೊಟ್ಟ ದನಗಳನ್ನು ಕೆಲವು ವಾರ ದೂರವಿಡಿ. ಆ ಔಷಧ ಸಗಣಿಯಲ್ಲಿ ಉಳಿದು ಸಗಣಿ ಹುಳುವಿನ ಮರಿಗಳನ್ನು ಕೊಲ್ಲುತ್ತದೆ.

ಬಯಲುಸೀಮೆಯವರಿಗೆ ಇನ್ನೊಂದು ಮಾತು: ಎಲ್ಲ ಹೊಲವೂ ಕಾಡಾಗಬೇಕಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹುಲ್ಲುಗಾವಲಿಗೆ ನೀಲಗಿರಿ ನೆಟ್ಟದ್ದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಕೃಷ್ಣಮೃಗಕ್ಕೂ ತೋಳಕ್ಕೂ ಬೇಕಾದದ್ದು ಬಯಲು. ಸಸಿ ತರುವ ಮೊದಲು ಹತ್ತಿರದ ಗೋಮಾಳದಲ್ಲಿ ಯಾವ ಹುಲ್ಲಿದೆ ನೋಡಿ. ಅದರ ಮಾಗಿದ ತೆನೆ ಕೊಯ್ದು ಒಣಗಿಸಿಟ್ಟು, ಮುಂಗಾರಿನ ಮೊದಲ ಮಳೆಗೆ ಎರಚಿ.