ಸುರಪುರದಂಥ ತಾಲ್ಲೂಕು ಆಸ್ಪತ್ರೆಗೂ ಇಇಜಿ ಯಂತ್ರ ಬೇಕಾ?

ಪರ

ನಮ್ಮ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತಲಿನವರು ಮೊದಲು ಹುಡುಕುವುದು ಕೀಲಿ ಗೊಂಚಲು. ಅದನ್ನು ಕೈಯಲ್ಲಿ ತುರುಕಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಎರಡು ಮೂರು ನಿಮಿಷಕ್ಕೆ ಫಿಟ್ಸ್ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಹೆಸರು ಮಾತ್ರ ಕೀಲಿಗೆ! ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಹುಡುಗ ಆರಾಮಾಗಿ ಕುಳಿತಿರುತ್ತಾನೆ. ಏನಾಯಿತು ಅಂತ ಹೇಳಲು ಅವ್ವನ ಮಾತೊಂದೇ ಆಧಾರ. ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ನೆರವಾಗುವುದು ಇಲ್ಲೇ.

ಯಂತ್ರ ಹೊಸದೇನಲ್ಲ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲೇ ಮನುಷ್ಯನ ಮಿದುಳಿನ ಅಲೆಗಳನ್ನು ದಾಖಲಿಸಿದ್ದ. ಆಗಿನ ದೊಡ್ಡ ಯಂತ್ರ ಈಗ ಒಂದು ಸಣ್ಣ ಡಬ್ಬಿ, ಜೊತೆಗೊಂದು ಲ್ಯಾಪ್‌ಟಾಪ್. ಲಕ್ವಾ, ಮರೆವಿನ ಕಾಯಿಲೆ, ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು, ಇವೆಲ್ಲ ಇಇಜಿ ಯಂತ್ರದ ಮಾರುಕಟ್ಟೆಯನ್ನು ಬೆಳೆಸುತ್ತಿವೆ. ಪ್ರಜ್ಞೆ ಇಲ್ಲದೆ ಮಲಗಿದವರಲ್ಲಿ ಕೆಲವರಿಗೆ ಕೈಕಾಲು ಅಲುಗದೆಯೇ ಒಳಗೊಳಗೆ ಫಿಟ್ಸ್ ನಡೆಯುತ್ತಿರುತ್ತದೆ. ಅದು ಗೊತ್ತಾಗುವುದು ಇಇಜಿಯಿಂದಲೇ.

ಓದುವವರು ಇಲ್ಲ ಅನ್ನುತ್ತೀರಾ? ದಾಖಲೆಯನ್ನು ನೆಟ್ ಮೇಲೆ ಕಲಬುರಗಿಗೋ ಬೆಂಗಳೂರಿಗೋ ಕಳಿಸಬಹುದು. ತೊಗರಿ ರಾಶಿಯ ಹೊತ್ತಿನಲ್ಲಿ ಕೂಲಿ ಬಿಟ್ಟು ಸೊಲ್ಲಾಪುರದ ಬಸ್ ಹತ್ತುವವರಿಗೆ ಅಷ್ಟಾದರೂ ಮಾಡಬಾರದಾ?

ವಿರೋಧ

ಕೀಲಿಯ ಮಾತು ನಿಜ, ಒಪ್ಪಿದೆ. ಆದರೆ ಯಂತ್ರವನ್ನೂ ಜನ ಇನ್ನೊಂದು ಕೀಲಿ ಗೊಂಚಲು ಮಾಡಿಕೊಳ್ಳುತ್ತಾರೆ ಅನ್ನುವುದೇ ನನ್ನ ಭಯ.

ನಮ್ಮ ಅಕ್ಕನ ಮಗನಿಗೆ ಒಂದು ಖಾಸಗಿ ಸೆಂಟರಿನಲ್ಲಿ ಇಇಜಿ ಮಾಡಿಸಿದೆವು. ಮೇ ತಿಂಗಳು, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ತಲೆ ತೊಳೆದುಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ ಅಂತ ಯಾರೂ ಹೇಳಿರಲಿಲ್ಲ. ಅಕ್ಕ ಮಗನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ನೀಟಾಗಿ ಬೈತಲೆ ತೆಗೆದು ಕರೆತಂದಿದ್ದಳು. ಟೆಕ್ನಿಷಿಯನ್ ಹುಡುಗ ಎಣ್ಣೆಯ ಮೇಲೇ ಪೇಸ್ಟ್ ಹಚ್ಚಿ ತಂತಿ ಅಂಟಿಸಿದ. ಬೆವರಿಗೆ ಅವು ಜಾರುತ್ತಿದ್ದವು. ಮಿದುಳಿನ ಸಂಕೇತ ಮೈಕ್ರೋವೋಲ್ಟ್ ಲೆಕ್ಕದ್ದು, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣದು. ಬೆವರಿದರೆ ಗೆರೆ ತೇಲಾಡುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಗೋಡೆಯ ವೈರಿನ 50 ಹರ್ಟ್ಸ್ ಕರೆಂಟೂ ಗೆರೆಯಲ್ಲಿ ಕುಣಿಯುತ್ತದೆ. ಅಂಥ ದಾಖಲೆಯನ್ನು ಬೆಂಗಳೂರಿಗೆ ಕಳಿಸಿ ಏನು ಓದಿಸುತ್ತೀರಿ?

ರಿಪೋರ್ಟ್ 'ನಾರ್ಮಲ್' ಬಂತು. ಮನೆಯವರು ಮಾತ್ರೆ ನಿಲ್ಲಿಸಿದರು. ಹದಿನೈದು ದಿನಕ್ಕೆ ಮತ್ತೆ ಫಿಟ್ಸ್. ಇಇಜಿ ನಾರ್ಮಲ್ ಬಂದರೂ ಮೂರ್ಛೆ ರೋಗ ಇರಬಹುದು ಅಂತ ಬಿಡಿಸಿ ಹೇಳುವವರೇ ಇರಲಿಲ್ಲ.

ಯಂತ್ರ ಮಾರಿದವರು ಹೋದ ಮೇಲೆ ಪೇಸ್ಟ್, ತಂತಿ, ರಿಪೇರಿ ನಮ್ಮ ತಲೆಗೆ. ನುರಿತ ಟೆಕ್ನಿಷಿಯನ್ ಬೇರೆ ಬೇಕು. ಇನ್ನು ನಿದ್ದೆ, ಧ್ಯಾನ ಅಂತ ಆನ್‌ಲೈನ್‌ನಲ್ಲಿ ಮಾರುವ, ಮಿದುಳಿನ ಅಲೆ ಅಳೆಯುವ ತಲೆಪಟ್ಟಿಗಳ ಕಥೆ ಬೇರೆ. ಚಿಲಿ ದೇಶದ ಸುಪ್ರೀಂ ಕೋರ್ಟ್ 2023ರಲ್ಲಿ ಅಂಥ ಸಾಧನ ಮಾರುವ ಒಂದು ಕಂಪನಿಗೆ, ಗ್ರಾಹಕರೊಬ್ಬರ ಮಿದುಳಿನ ಮಾಹಿತಿ ಅಳಿಸಿ ಅಂತ ಹೇಳಬೇಕಾಯಿತು.

ಸರಿಯಾಗಿ ಗುರುತಿಸಿ ಮದ್ದು ಕೊಟ್ಟರೆ ಮೂರ್ಛೆ ರೋಗದವರಲ್ಲಿ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಲ್ಲೂಕಿಗೆ ಮೊದಲು ಬರಬೇಕಾದದ್ದು ತಪ್ಪದೆ ಸಿಗುವ ಮಾತ್ರೆ, ರೋಗಿಯ ಮಾತು ಕೇಳಲು ಪುರುಸೊತ್ತಿರುವ ಡಾಕ್ಟರ್. ಯಂತ್ರ ಜಿಲ್ಲಾ ಕೇಂದ್ರದಲ್ಲಿರಲಿ.

ಹುಡುಗ ಈಗ ರಾತ್ರಿ ಒಂಬತ್ತಕ್ಕೆ ತಪ್ಪದೆ ಮಾತ್ರೆ ನುಂಗುತ್ತಾನೆ. ಸ್ಟ್ರಿಪ್‌ನಲ್ಲಿ ಎರಡು ಉಳಿದಾಗ ಅಕ್ಕ ಫೋನ್ ಮಾಡುತ್ತಾಳೆ. ಸುರಪುರದಲ್ಲಿ ಸಿಗದಿದ್ದರೆ ನಾನು ಶಹಾಪುರದಿಂದ ತರಬೇಕು.