ಏರ್‌ಫೋರ್ಸ್ ಮಾವ ಮತ್ತು ದೋಹಾದ ಫೈನಲ್

ಗಂಟಲು ಕಟ್ಟಿರುವಾಗ ಫೋನ್ ಎತ್ತಬಾರದು. 2016ರ ಅಕ್ಟೋಬರ್ 20ರ ಬೆಳಿಗ್ಗೆ ನಾನು ಎತ್ತಿದೆ. ಆ ಕಡೆ ಅರಸೀಕೆರೆಯಿಂದ ಸೋದರಮಾವ.

"ಮುಂದಿನ ತಿಂಗಳು ಐದನೇ ತಾರೀಕು ಬರ್ತೀನಿ ಕಣೋ. ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಡಬೇಕು. ರಾತ್ರಿ ನಿಮ್ಮನೇಲೇ ಇರ್ತೀನಿ. ತೊಂದರೆ ಏನೂ ಇಲ್ಲ ತಾನೇ?"

ತೊಂದರೆ ಇತ್ತು. ಆದರೆ ನನ್ನ ಬಾಯಿಂದ ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು. ಮಾವ ಅದನ್ನೇ ಒಪ್ಪಿಗೆ ಅಂದುಕೊಂಡು ಫೋನ್ ಇಟ್ಟರು.

ಗಂಟಲು ಹೋದದ್ದು ಹಿಂದಿನ ರಾತ್ರಿ, ಕಂಠೀರವ ಸ್ಟೇಡಿಯಂನಲ್ಲಿ. ಎಎಫ್‌ಸಿ ಕಪ್ ಸೆಮಿಫೈನಲ್. ಏಷ್ಯಾದ ಬೇರೆ ಬೇರೆ ದೇಶಗಳ ಫುಟ್‌ಬಾಲ್ ಕ್ಲಬ್‌ಗಳು ಆಡುತ್ತಿದ್ದ ಟೂರ್ನಿ ಅದು. ಅದಕ್ಕಿಂತ ಮೇಲೆ ಚಾಂಪಿಯನ್ಸ್ ಲೀಗ್ ಅಂತ ಇನ್ನೊಂದಿತ್ತು. ಇದು ಎರಡನೇ ಪಂಕ್ತಿ. ಎರಡನೇ ಪಂಕ್ತಿಯಾದರೇನು, ಬಡಿಸೋದು ಅದೇ ಪಾಯಸ ಅಲ್ವಾ? ನಮ್ಮ ಬೆಂಗಳೂರು ಎಫ್‌ಸಿ ಎದುರು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷ ಕಪ್ ಗೆದ್ದವರು. ಅವರೂರಿನಲ್ಲಿ ನಡೆದ ಮೊದಲ ಪಂದ್ಯ 1-1.

"ಸಮ ಆಯ್ತಲ್ಲ, ಮತ್ತೆ ಯಾಕೆ ಆಡೋದು?" ಅಂತ ಅಮ್ಮ ಕೇಳಿದ್ದರು. ಎರಡೂ ಪಂದ್ಯದ ಮೊತ್ತ ಸಮ ಬಂದರೆ ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಬೆಲೆ ಜಾಸ್ತಿ ಎಂದೆ. "ಬೀಗರ ಮನೇಲಿ ಬಡಿಸಿಕೊಂಡ ಹೋಳಿಗೆ ಲೆಕ್ಕಕ್ಕೆ ಜಾಸ್ತಿ ಅಂದ್ಕೊಳ್ಳಮ್ಮ." ಅಮ್ಮ ಯೋಚಿಸಿದರು. "ಹಾಗಾದ್ರೆ ಇಲ್ಲಿ ಅವರಿಗೆ ಗೋಲ್ ಕೊಡದೆ ಎಲ್ಲರೂ ಅಡ್ಡ ನಿಂತ್ರೆ ಸಾಕಲ್ಲ." ಸರಿಯಾದ ಲೆಕ್ಕ. 0-0 ಆದರೂ ನಾವೇ ಫೈನಲ್‌ಗೆ.

ಆದರೆ ನಾನು ಹಡ್ಸನ್ ಸರ್ಕಲ್ ಟ್ರಾಫಿಕ್ ದಾಟಿ ಒಳಗೆ ಹೋಗುವಷ್ಟರಲ್ಲಿ ಆ ಲೆಕ್ಕ ಮುಗಿದಿತ್ತು. ಹನ್ನೊಂದನೇ ನಿಮಿಷದಲ್ಲೇ ಅವರು ಗೋಲು ಹೊಡೆದಿದ್ದರು. ಅದಕ್ಕಿಂತ ದೊಡ್ಡ ಎಡವಟ್ಟು ನನ್ನ ಟಿಕೆಟ್. ಎಲ್ಲಿ ಕೂತರೂ ಮೈದಾನ ಒಂದೇ ಅಂತ ಸುಮ್ನೆ ವೆಸ್ಟ್ ಬ್ಲಾಕ್‌ಗೆ ತೆಗೆದುಕೊಂಡಿದ್ದೆ. ಅಲ್ಲಿ ಕೂರುವ ಪದ್ಧತಿಯೇ ಇಲ್ಲ! ನೀಲಿ ಶರಟಿನ ಹುಡುಗರು ತೊಂಬತ್ತು ನಿಮಿಷವೂ ನಿಂತು, ಡೋಲು ಬಡಿದು, ಹಾಡುತ್ತಾರೆ. ನಾನು ಮಂಡಿ ನೋವು ಅಂತ ಒಮ್ಮೆ ಕೂತೆ. ಪಕ್ಕದ ಹುಡುಗ ಬಗ್ಗಿ, "ಅಂಕಲ್, ಹುಷಾರಾಗಿದೀರಾ?" ಎಂದು ನೀರಿನ ಬಾಟಲ್ ಹಿಡಿದ. ಆಮೇಲೆ ಕೂರಲಿಲ್ಲ.

ಕೂರುವಂಥ ಪಂದ್ಯವೂ ಅಲ್ಲ ಬಿಡಿ. 41ನೇ ನಿಮಿಷದಲ್ಲಿ ನಮ್ಮ ನಾಯಕ ಸುನಿಲ್ ಛೆಟ್ರಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟರು. 67ರಲ್ಲಿ ದೂರದಿಂದಲೇ ಬಾರಿಸಿದರು. ನಮ್ಮವರೇ ಆದ ಹುವಾನನ್ ಹೊಡೆದದ್ದು ಮೂರನೆಯದು. 3-1. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಈ ಟೂರ್ನಿಯ ಫೈನಲ್ ಕಂಡಿರಲಿಲ್ಲ. ಯಾರೋ ನನ್ನನ್ನು ತಬ್ಬಿಕೊಂಡರು, ನಾನೂ ಯಾರನ್ನೋ ತಬ್ಬಿಕೊಂಡೆ. ಗಂಟಲನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಫೈನಲ್ ನವೆಂಬರ್ 5, ಶನಿವಾರ ರಾತ್ರಿ, ದೋಹಾದಲ್ಲಿ. ಅಂದರೆ ಮಾವ ಬರುವ ರಾತ್ರಿ.

ಮಾವ ಬಂದರು. ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಸಾಬೀತು ಮಾಡಿ, ನಮ್ಮನೆ ಸೋಫಾದಲ್ಲಿ ಕೂತರು. (ಇನ್ನು ಐದು ದಿನ ಬಿಟ್ಟು ಹೋಗಿದ್ದರೆ ಅವರ ಹಿಂದೆ ಇಡೀ ದೇಶವೇ ನಿಂತಿರುತ್ತಿತ್ತು. ನೋಟು ಬಂದ್ ಆದದ್ದು ಅದರ ಮುಂದಿನ ವಾರವೇ.) ನಾನು ನೀಲಿ ಶರಟು ಹಾಕಿ ಟಿವಿ ಹಚ್ಚಿದೆ. ಎದುರಾಳಿ ಬಾಗ್ದಾದಿನ ಅಲ್ ಕುವಾ ಅಲ್ ಜವಿಯಾ. ಆದರೆ ಟಿವಿಯವರು ಅಷ್ಟುದ್ದ ಹೇಳುತ್ತಾರೆಯೇ? ಅದರ ಅರ್ಥವನ್ನೇ ಹೇಳಿಬಿಟ್ಟರು: ಏರ್ ಫೋರ್ಸ್ ಕ್ಲಬ್.

ಮಾವ ನೆಟ್ಟಗೆ ಕೂತರು. ಅವರು ಜಾಲಹಳ್ಳಿಯಲ್ಲಿ ಟ್ರೇನಿಂಗ್ ಮುಗಿಸಿ, ಇಪ್ಪತ್ತು ವರ್ಷ ಏರ್‌ಫೋರ್ಸ್‌ನಲ್ಲಿ ದುಡಿದವರು.

"ಏರ್‌ಫೋರ್ಸ್ ಆಡ್ತಾ ಇದೆಯಾ? ಮೊದಲೇ ಹೇಳಬಾರದಾ?"

"ನಮ್ಮ ಏರ್‌ಫೋರ್ಸ್ ಅಲ್ಲ ಮಾವ, ಇರಾಕಿಂದು."

"ಏರ್‌ಫೋರ್ಸ್ ಅಂದ್ರೆ ಏರ್‌ಫೋರ್ಸೇ ಕಣೋ."

ಅಮ್ಮ ಅಡುಗೆ ಮನೆಯಿಂದ ಇಣುಕಿ, "ಅಣ್ಣನ ಕಡೆಯವರಾ? ಯಾವ ಬಣ್ಣ?" ಎಂದರು. ಅಲ್ಲಿಗೆ ಮನೆಯಲ್ಲಿ ಬೆಂಗಳೂರು ಅಲ್ಪಸಂಖ್ಯಾತವಾಯಿತು. ನಾನು ಬಿಡಲಿಲ್ಲ. ಮೊಬೈಲ್ ತೆಗೆದು, ನೋಡಿ ಮಾವ, ಇದು ಬಾಗ್ದಾದಿನಲ್ಲಿ 1931ರಲ್ಲಿ ಶುರುವಾದ ಕ್ಲಬ್, ನಿಮಗೂ ಇದಕ್ಕೂ ಏನು ಸಂಬಂಧ ಎಂದು ಓದಿ ಹೇಳಿದೆ. ಅದೇ ನಾನು ಮಾಡಿದ ತಪ್ಪು.

"1931ರದ್ದಾ? ನಮ್ಮದು 1932!" ಮಾವನ ದನಿಯಲ್ಲಿ ಗೌರವ ಇಳಿಯಿತು. "ಒಂದು ವರ್ಷ ಸೀನಿಯರ್ ಕಣೋ ನಮಗೆ."

ಸೀನಿಯರ್ ಎದುರು ವಾದವಿಲ್ಲ.

ಆ ಕ್ಲಬ್‌ನವರ ಕಥೆ ಕೇಳಿದರೆ ನನಗೂ ಪಾಪ ಅನ್ನಿಸುವಂಥದ್ದೇ. ಯುದ್ಧದ ದೇಶ ಅಂತ ತಮ್ಮೂರಲ್ಲಿ ಈ ಟೂರ್ನಿಯ ಪಂದ್ಯ ಆಡುವಂತಿರಲಿಲ್ಲ. ದೋಹಾವನ್ನೇ ತವರು ಅಂದುಕೊಂಡು ಆಡುತ್ತಿದ್ದರು. ಇದನ್ನು ಮಾತ್ರ ಮಾವನಿಗೆ ಹೇಳಲಿಲ್ಲ. ಮೊದಲೇ ಸೀನಿಯರ್, ಇದು ಗೊತ್ತಾದರೆ ಅಷ್ಟೇ.

ನಮ್ಮ ಗೋಲ್‌ಕೀಪರ್ ಅಮರಿಂದರ್ ಹಿಂದಿನ ಪಂದ್ಯಗಳಲ್ಲಿ ಪಡೆದ ಎಚ್ಚರಿಕೆ ಕಾರ್ಡ್‌ಗಳ ಲೆಕ್ಕದಲ್ಲಿ ಹೊರಗಿದ್ದರು. ಅವರ ಜಾಗಕ್ಕೆ ಬಂದ ಲಾಲ್‌ಥುವಾಮವಿಯಾ ರಾಲ್ಟೆ ಒಂದರ ಹಿಂದೆ ಒಂದು ಚೆಂಡು ತಡೆದರು. ಪ್ರತಿ ಸಲವೂ ನಾನು ಸೋಫಾದಿಂದ ಎದ್ದೆ, ಮಾವ ತೊಡೆ ತಟ್ಟಿಕೊಂಡರು. ಐದಾರು ಸಲ ಆದ ಮೇಲೆ ಮಾವನೇ ಸೋತು, "ಈ ಹುಡುಗನ್ನ ಏರ್‌ಫೋರ್ಸ್‌ಗೆ ಸೇರಿಸ್ಕೋಬೇಕು" ಎಂದರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದ. ಆ ಟೂರ್ನಿಯಲ್ಲಿ ಅವನದು ಹದಿನಾರನೆಯದು. ಅಷ್ಟು ಹೊಡೆದವನಿಗೆ ಇದೊಂದು ಬೇಕಿತ್ತಾ? 1-0. ಅಷ್ಟೇ.

ನಾನು ಬಾಲ್ಕನಿಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಮಾವ ಹಿಂದೆಯೇ ಬಂದರು. ಚೀಲದಿಂದ ಮಿಲಿಟರಿ ಕ್ಯಾಂಟೀನ್ ಕೋಟಾದ ರಮ್ ತೆಗೆದು, ಅಮ್ಮನಿಗೆ ಕಾಣದಂತೆ ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿದರು.

"ಏನೇ ಅನ್ನು, ಹುಡುಗರಲ್ಲಿ ಡಿಸಿಪ್ಲಿನ್ ಇತ್ತು ಕಣೋ."

ಯಾವ ಹುಡುಗರಲ್ಲಿ ಅಂತ ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಲೋಟ ಮುಂದೆ ಬಂತು.